ಮಾಳದ ಮನೆತನದ ಮಗಳು ಮೊಳೆ ಜೋಡಿಸಲು ಕಲಿಸಿದಳು: ಪಂಡಿತಾ ರಮಾಬಾಯಿ ಬದುಕಿನ ಕತೆ

ಕಾರ್ಕಳ: ಬಜಗೋಳಿ ದಾಟಿ, ಮಾಳ ಗೇಟ್ ಕಳೆದು ಕುದುರೆಮುಖದ ಕಡೆ ಘಾಟಿ ಹತ್ತುವವರಿಗೆ ಗಂಗಾಮೂಲ ಅಂದ್ರೆ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಅದೇ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣು ಮಗು ಹುಟ್ಟಿತ್ತು ಅನ್ನೋದು ನಮ್ಮ ತಾಲೂಕಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮುಂದೆ ಪಂಡಿತಾ ರಮಾಬಾಯಿ ಅಂತ ದೇಶಕ್ಕೆಲ್ಲ ಪರಿಚಯವಾದವರು ಇವರೇ. ಪುಣೆ, ಮುಂಬೈ ಕಡೆಯವರು ಅವರನ್ನು ಮಹಾರಾಷ್ಟ್ರದವರು ಅಂದುಕೊಂಡಿದ್ದಾರೆ. ತಪ್ಪೇನಲ್ಲ, ದುಡಿದದ್ದು ಅಲ್ಲೇ. ಆದರೆ ಬೇರು ಇಲ್ಲಿಯದು.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನದವರು. ಪುಣೆಯಲ್ಲಿ ಓದುವಾಗ ಪೇಶ್ವೆಯ ಅರಮನೆಯ ಹೆಂಗಸೊಬ್ಬರು ಸಂಸ್ಕೃತ ಕಲಿಯುವುದನ್ನು ಕಂಡಿದ್ದರು. ತನ್ನ ಹೆಂಡತಿಗೂ ಕಲಿಸಬೇಕು ಅಂತ ಆವಾಗಲೇ ಮನಸ್ಸಿಗೆ ಬಂತು. ಊರವರು ಒಪ್ಪಲಿಲ್ಲ. ಉಡುಪಿಯಲ್ಲಿ ಪಂಡಿತರ ಮುಂದೆ ಶಾಸ್ತ್ರದ ಆಧಾರ ಕೊಟ್ಟು ತನ್ನ ಕೆಲಸ ಸರಿ ಅಂತ ವಾದಿಸಿದರು. ಕೊನೆಗೆ ಊರಿನ ಸಹವಾಸವೇ ಬೇಡ ಅಂತ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿ, ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಹೇಳಿಕೊಟ್ಟರು. ಮುಂದೆ ರಮಾಬಾಯಿಗೆ ಸಂಸ್ಕೃತ ಬಾಯಿಪಾಠ ಮಾಡಿಸಿದ್ದು ಆ ತಾಯಿಯೇ.

ಮಗುವಿಗೆ ಆರು ತಿಂಗಳಿರುವಾಗ ಮನೆಯವರೆಲ್ಲ ತೀರ್ಥಯಾತ್ರೆಗೆ ಹೊರಟರು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ, ಆಳಿನ ತಲೆ ಮೇಲೆ ಹೊರಿಸಿ ಕಾಡಿನಿಂದ ಇಳಿಸಿದ್ದರಂತೆ. ಅಲ್ಲಿಂದ ಮುಂದೆ ಊರೂರು ತಿರುಗಿ ಪುರಾಣ ಹೇಳುವುದೇ ಜೀವನ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದದ್ದು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲೇ ಉತ್ತರಕ್ಕೆ ಹೋದರು. ಝೀಲಂ ನದಿ ದಡದಲ್ಲಿ ಚಳಿ ತಡೆಯಲಾಗದೆ ಮರಳಿನಲ್ಲಿ ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ಮಲಗಿದ್ದೂ ಉಂಟು.

1878ರಲ್ಲಿ ಕಲ್ಕತ್ತಾಕ್ಕೆ ಬಂದಾಗ ಅಲ್ಲಿಯ ಪಂಡಿತರು ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಹೋದರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರ ಜೊತೆ ಜಾತಿ ಬಿಟ್ಟು ಮದುವೆ. ಮಗಳು ಮನೋರಮಾ ಹುಟ್ಟಿ ವರ್ಷ ತುಂಬುವ ಮೊದಲೇ ಕಾಲರಾದಿಂದ ಗಂಡನೂ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮೊದಲೇ ಕೈಕೂಸಿನ ವಿಧವೆ.

ಅಲ್ಲಿಂದ ಪುಣೆ, ನಂತರ ಇಂಗ್ಲೆಂಡ್. 1883ರ ಸೆಪ್ಟೆಂಬರ್‌ನಲ್ಲಿ ವಾಂಟೇಜ್ ಎಂಬಲ್ಲಿ ಮಗಳ ಜೊತೆ ಕ್ರೈಸ್ತ ದೀಕ್ಷೆ ಪಡೆದರು. ಊರಲ್ಲಿ ದೊಡ್ಡ ಗಲಾಟೆಯಾಯಿತು. ಹಾಗಂತ ಅಲ್ಲಿಯವರು ಹೇಳಿದಂತೆ ಕೇಳಿಕೊಂಡಿದ್ದರು ಅಂತಲೂ ಅಲ್ಲ. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಶಿಲುಬೆ ಮೇಲೆ ಲ್ಯಾಟಿನ್ ಬರಹ ಯಾಕೆ, ನಮ್ಮ ಸಂಸ್ಕೃತ ಇರಲಿ ಅಂತ ವಾದ ಮಾಡಿದರು. ಅವರ ಈ ಹಟ ಅಲ್ಲಿಯ ಸನ್ಯಾಸಿನಿಯರಿಗೆ ತಲೆನೋವೇ ಆಗಿತ್ತು.

ಅಮೆರಿಕದಲ್ಲಿ ಊರೂರು ತಿರುಗಿ ಭಾಷಣ ಮಾಡಿದರು, ಪುಸ್ತಕ ಬರೆದು ಮಾರಿದರು. ಅಲ್ಲಿಯವರು 1887ರಲ್ಲಿ ಸಂಘ ಕಟ್ಟಿ ಹತ್ತು ವರ್ಷ ದುಡ್ಡು ಕೊಡುವುದಾಗಿ ಒಪ್ಪಿಕೊಂಡರು. ಆ ಬಲದ ಮೇಲೆ 1889ರ ಮಾರ್ಚ್ 11ರಂದು ಮುಂಬೈಯಲ್ಲಿ 'ಶಾರದಾ ಸದನ' ಶುರು. ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಬಾಲವಿಧವೆಯರಿಗೆ ಶಾಲೆ ಮತ್ತು ಮನೆ ಎರಡೂ ಅದೇ. ಮರುವರ್ಷ ಪುಣೆಗೆ ಬದಲಾಯಿತು. ಧೋಂಡೋ ಕೇಶವ ಕರ್ವೆ 1893ರಲ್ಲಿ ಮರುಮದುವೆಯಾದ ಗೋದೂಬಾಯಿ ಇದೇ ಸದನದ ವಿದ್ಯಾರ್ಥಿನಿ.

ಅದೇ 1893ರಲ್ಲಿ ಏಟು ಬಿತ್ತು. ರಮಾಬಾಯಿ ಬೆಳಗ್ಗೆ ಪ್ರಾರ್ಥನೆ ಮಾಡುವಾಗ ಕೋಣೆ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಮತಾಂತರ ನಡೀತಿದೆ ಅಂತ ತಿಲಕರ 'ಕೇಸರಿ' ಪತ್ರಿಕೆ ಹರಿಹಾಯ್ದಿತು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ದೊಡ್ಡವರು ಹೊರಬಂದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಸಿಟ್ಟಾದವರದ್ದು ಪೂರ್ತಿ ಸುಳ್ಳು ಅನ್ನುವಂತಿಲ್ಲ, ಮುಂದೆ ಅಲ್ಲಿ ಕ್ರೈಸ್ತರಾದವರು ಇದ್ದಾರೆ. ಆದರೆ ಹಾಗೆ ವಾಪಸ್ ಹೋದ ಹುಡುಗಿಯರಿಗೆ ಮನೆಯಲ್ಲಿ ಕಾದಿದ್ದು ಅದೇ ಹಳೇ ಮೂಲೆ.

ಪರರ ದುಡ್ಡು, ಪರರ ಮಾತು ನಂಬಿದರೆ ಹೀಗೇ ಅಂತ ಅವರಿಗೆ ಅನ್ನಿಸಿರಬೇಕು. ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರ, ಸೋಲಾಪುರದ ಕಡೆ ಹೋಗುವ ರೈಲು ಹಾದಿಯಲ್ಲಿ ಕೇಡಗಾಂವ್ ಅಂತ ಊರು. ಅಲ್ಲಿ ಸುಮಾರು 100 ಎಕರೆ ಜಾಗ ತೆಗೆದುಕೊಂಡು ಬಾವಿ ತೋಡಿಸಿ, ಗಿಡ ಹಾಕಿಸಿದರು. ತೋಟದ ಆದಾಯದಿಂದ ಶಾಲೆ ನಡೆಸುವುದು ಲೆಕ್ಕಾಚಾರ.

ಅಷ್ಟರಲ್ಲಿ 1896-97ರ ಬರ ಬಂತು. ಅಪ್ಪ ಅಮ್ಮನನ್ನು ಬರದಲ್ಲಿ ಕಳೆದುಕೊಂಡವರಿಗೆ ಸುಮ್ಮನೆ ಕೂರಲು ಆಗಲಿಲ್ಲ. ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಸುಮಾರು 300 ಹೆಂಗಸರು, ಹುಡುಗಿಯರನ್ನು ಕರೆತಂದರು. ಇವರಲ್ಲಿ ಹೆಚ್ಚಿನವರು ಶಾರದಾ ಸದನದ ಹುಡುಗಿಯರಂತೆ ಮೇಲುಜಾತಿಯವರಲ್ಲ. 1900ರಲ್ಲಿ ಗುಜರಾತಿನ ಬರ. ಆಗ 'ಮುಕ್ತಿ'ಯಲ್ಲಿದ್ದವರ ಸಂಖ್ಯೆ 2000ದ ಹತ್ತಿರ ಬಂದಿತ್ತು.

ಎರಡು ಸಾವಿರ ಹೊಟ್ಟೆಗೆ ದಿನಾ ಎರಡು ಹೊತ್ತು ಹಾಕುವುದು ಅಂದ್ರೆ ಏನು ಅಂತ ಹೋಟೆಲ್, ದಿನಸಿ ಅಂಗಡಿ ಇಟ್ಟವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬರುತ್ತಿದ್ದ ದೇಣಿಗೆ ಒಂದನ್ನೇ ನಂಬಿ ಕೂರಲಿಲ್ಲ. ಎಣ್ಣೆ ಗಾಣ ಹಾಕಿದರು. ಹಸು ಸಾಕಿದರು. ಮಗ್ಗದಲ್ಲಿ ಸೀರೆ ನೇಯಿಸಿದರು, ಹೊಲಿಗೆ ಕಲಿಸಿದರು. ಬಟ್ಟೆ ಒಗೆಯುವುದು, ಬ್ರೆಡ್ ಸುಡುವುದು, ಹೊಲದ ಕೆಲಸ ಎಲ್ಲವೂ ಹೆಂಗಸರದ್ದೇ. ಕಣ್ಣು ಕಾಣದವರೂ ಬ್ರೈಲ್ ಓದಲು ಕಲಿತರು, ಬುಟ್ಟಿ ಹೆಣೆದರು. 1905ರಲ್ಲಿ ಅಲ್ಲಿ ದೊಡ್ಡ ಪ್ರಾರ್ಥನಾ ಜಾಗೃತಿ ನಡೆದು ಹೊರದೇಶದಲ್ಲೂ ಸುದ್ದಿಯಾಯಿತು. ಆದರೆ ರಮಾಬಾಯಿ ಲೆಕ್ಕದಲ್ಲಿ ಪ್ರಾರ್ಥನೆ ಬೇರೆ, ಗಾಣ ಬೇರೆ ಅಂತ ಇರಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದ್ದು ಅಲ್ಲಿಯ ಪ್ರೆಸ್ ಬಗ್ಗೆ. ಆಗ ಸಿಗುತ್ತಿದ್ದ ಮರಾಠಿ ಬೈಬಲ್‌ನಲ್ಲಿ ಸಂಸ್ಕೃತ ಪದ ಜಾಸ್ತಿ, ಹಳ್ಳಿ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಹೊಸದಾಗಿ ಅನುವಾದಕ್ಕೆ ಕೂತರು. ನೋಡಿ ಇದನ್ನ: ಸಂಸ್ಕೃತಕ್ಕೆ 'ಸರಸ್ವತಿ' ಬಿರುದು ಪಡೆದವರು, ಗಾಣದ ಹೆಂಗಸಿಗೆ ತಿಳಿಯಲಿ ಅಂತ ಸಂಸ್ಕೃತ ಪದಗಳನ್ನು ಹುಡುಕಿ ಹುಡುಕಿ ತೆಗೆಯುತ್ತಾ 15 ವರ್ಷಕ್ಕೂ ಹೆಚ್ಚು ಕಾಲ ಕೂತರು. ಅಚ್ಚುಮೊಳೆ ಜೋಡಿಸಿದ್ದು, ಮುದ್ರಿಸಿದ್ದು, ಹಾಳೆ ಮಡಚಿ ಬೈಂಡ್ ಮಾಡಿದ್ದು ಬರದಿಂದ ಬದುಕಿ ಬಂದ ಹೆಂಗಸರು. ಅವರಲ್ಲಿ ಬಹಳಷ್ಟು ಮಂದಿ ಕೇಡಗಾಂವ್‌ಗೆ ಬಂದಾಗ ಒಂದಕ್ಷರವೂ ಓದಲು ಬರದವರು.

ಈ ನಡುವೆ ಕರ್ನಾಟಕದ ಕಡೆಗೂ ಒಂದು ಹೆಜ್ಜೆ. 1912ರ ಹೊತ್ತಿಗೆ, ಆಗ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಲ್ಲಿ ಮಗಳು ಮನೋರಮಾ ಜೊತೆ ಸೇರಿ ಶಾಲೆ ತೆರೆದರು. ತನ್ನ ನಂತರ ಎಲ್ಲವನ್ನೂ ಮಗಳೇ ನೋಡಿಕೊಳ್ಳುತ್ತಾಳೆ ಅಂತ ನಂಬಿದ್ದರು. ಆದರೆ 1921ರ ಜುಲೈನಲ್ಲಿ ನಲವತ್ತರ ಮನೋರಮಾ ತೀರಿಕೊಂಡರು. ಆ ದುಃಖದಲ್ಲೂ ರಮಾಬಾಯಿ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಕೊನೆಯುಸಿರೆಳೆದರು.

ಪೂರ್ತಿ ಪುಸ್ತಕ ಹೊರಬಂದದ್ದು 1924ರಲ್ಲಿ, ಅದೇ ಪ್ರೆಸ್‌ನಿಂದ. ಚರ್ಚುಗಳಲ್ಲಿ ಅದು ಅಷ್ಟಾಗಿ ಬಳಕೆಗೆ ಬರಲಿಲ್ಲ. ಕೇಡಗಾಂವ್‌ನ ಮುಕ್ತಿ ಸಂಸ್ಥೆ ಈಗಲೂ ನಡೆಯುತ್ತಿದೆ.