ಮಾದರಿಯಲ್ಲಿ ಗೆದ್ದ ವಿಜ್ಞಾನಿ: ಲ್ಯಾಂಗ್ಲಿ

ಅಮೆರಿಕದ ನೌಕಾಪಡೆಯ ಮೊತ್ತಮೊದಲ ವಿಮಾನವಾಹಕ ನೌಕೆಯ ಹೆಸರು 'ಲ್ಯಾಂಗ್ಲಿ'. ಹಳೆಯ ಹಡಗುಗಳ ಪ್ರತಿಕೃತಿಗಳನ್ನು ಜೋಡಿಸುವ ಹವ್ಯಾಸಿಗಳಿಗೆ ಅದು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ದೊರೆಯುತ್ತದೆ. 165 ಮೀಟರು ಉದ್ದದ ಹಡಗು 350ರಲ್ಲಿ ಒಂದು ಪಾಲಿಗೆ ಇಳಿದು, ಮೇಜಿನ ಮೇಲೆ ಒಂದು ಮೊಳದಷ್ಟಾಗಿ ನಿಲ್ಲುತ್ತದೆ. ಆ ನೌಕೆಗೆ ಹೆಸರು ಕೊಟ್ಟ ವಿಜ್ಞಾನಿಯ ಬಾಳಿನ ಗೆಲವೂ ಸೋಲೂ ಮಾದರಿಗೂ ನಿಜವಸ್ತುವಿಗೂ ಇರುವ ಅಂತರದಲ್ಲಿಯೇ ಅಡಗಿದ್ದವು.

ಸ್ಯಾಮ್ಯುಯೆಲ್ ಪಿಯರ್‌ಪಾಂಟ್ ಲ್ಯಾಂಗ್ಲಿ ಹುಟ್ಟಿದುದು 1834ರ ಆಗಸ್ಟ್ 22ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ರಾಕ್ಸ್‌ಬರಿಯಲ್ಲಿ. ಕಾಲೇಜಿನ ಮೆಟ್ಟಿಲನ್ನು ಅವನು ಹತ್ತಲಿಲ್ಲ. ಕಟ್ಟಡಗಳ ನಕ್ಷೆ ಬರೆದು ಜೀವಿಸುತ್ತ, ತಮ್ಮನೊಡನೆ ದೂರದರ್ಶಕಗಳನ್ನು ತಯಾರಿಸುತ್ತ, ಸ್ವಂತ ವ್ಯಾಸಂಗದಿಂದಲೇ ಖಗೋಳಶಾಸ್ತ್ರಜ್ಞನಾದನು. 1867ರಲ್ಲಿ ಪಿಟ್ಸ್‌ಬರ್ಗಿನ ಬಳಿಯ ಅಲೆಘೆನಿ ವೀಕ್ಷಣಾಲಯದ ನಿರ್ದೇಶಕನಾದನು. ವೀಕ್ಷಣಾಲಯದಿಂದ ನಿಖರವಾದ ವೇಳೆಯನ್ನು ತಂತಿಯ ಮೂಲಕ ರೈಲ್ವೆ ಕಂಪನಿಗೆ ಮಾರಿ, ಆ ಹಣದಿಂದ ಸಂಶೋಧನೆಯನ್ನು ನಡೆಸಿದನು. ಉಷ್ಣತೆಯ ಒಂದು ಡಿಗ್ರಿಯ ಲಕ್ಷದಲ್ಲೊಂದು ಪಾಲಿನಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲ ಬೋಲೋಮೀಟರ್ ಎಂಬ ಉಪಕರಣವನ್ನು ನಿರ್ಮಿಸಿ, ಸೂರ್ಯನ ಶಾಖವನ್ನು ಅಳೆದನು. 1887ರಲ್ಲಿ ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯ ಪದವಿ ಅವನಿಗೆ ದೊರೆಯಿತು. ಒಬ್ಬ ವಿದ್ವಾಂಸನ ಕೀರ್ತಿಗೆ ಇಷ್ಟೇ ಸಾಕಾಗಿತ್ತು.

ಆದರೆ ಐವತ್ತು ದಾಟಿದ ಮೇಲೆ ಅವನನ್ನು ಹಾರಾಟದ ಹಂಬಲ ಹಿಡಿಯಿತು. ಮೊದಲು ರಬ್ಬರಿನ ಎಳೆಗಳ ಬಲದಿಂದ ಹಾರುವ ಆಟಿಕೆಯಂಥ ಮಾದರಿಗಳು, ಬಳಿಕ ಉಗಿಯಂತ್ರದ ಮಾದರಿಗಳು. ಒಂದರ ಹಿಂದೊಂದು ಸೋತವು. ಬಿದ್ದರೆ ನೀರು ಪೆಟ್ಟನ್ನು ತಗ್ಗಿಸೀತು, ಗಾಳಿ ಬಂದ ದಿಕ್ಕಿಗೆ ತಿರುಗಿಸಲೂ ಬಂದೀತು ಎಂದು ಪೊಟೋಮ್ಯಾಕ್ ನದಿಯಲ್ಲಿ ದೋಣಿಮನೆಯೊಂದನ್ನು ನಿಲ್ಲಿಸಿ, ಅದರ ಮಾಡಿನ ಮೇಲಿನಿಂದ ಅವುಗಳನ್ನು ಚಿಮ್ಮಿಸುತ್ತಿದ್ದನು. 1896ರ ಮೇ 6ರಂದು ಸುಮಾರು 11 ಕಿಲೋಗ್ರಾಮು ತೂಕದ ಐದನೆಯ ಯಂತ್ರ, ಯಾರ ಕೈಯ ನಿಯಂತ್ರಣವೂ ಇಲ್ಲದೆ, ಸುತ್ತುಸುತ್ತಿ ಏರಿ ಸುಮಾರು ಒಂದು ಕಿಲೋಮೀಟರು ಹಾರಿತು. ದೂರವಾಣಿಯ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಆ ಹಾರಾಟದ ಛಾಯಾಚಿತ್ರ ತೆಗೆದನು. ಗಾಳಿಗಿಂತ ಭಾರವಾದ ಯಂತ್ರವೂ ಹಾರಬಲ್ಲುದೆಂಬುದಕ್ಕೆ ಇನ್ನು ಸಾಕ್ಷ್ಯ ಬೇಕಿರಲಿಲ್ಲ.

ಲ್ಯಾಂಗ್ಲಿ ಅಲ್ಲಿಗೆ ನಿಲ್ಲಿಸಬಹುದಾಗಿತ್ತು. 1898ರಲ್ಲಿ ಅಮೆರಿಕದ ಯುದ್ಧ ಇಲಾಖೆ 50,000 ಡಾಲರು ಕೊಟ್ಟು, ಮನುಷ್ಯನನ್ನು ಹೊರುವ ಯಂತ್ರವನ್ನು ಕಟ್ಟಿಸಲು ಮುಂದಾಯಿತು. ಮಾದರಿಯನ್ನೇ ಹಿಗ್ಗಿಸಿದರೆ ಸಾಕೆಂದು ಅವನು ನಂಬಿದನು. ಆದರೆ ಪ್ರಕೃತಿಯ ಲೆಕ್ಕ ಬೇರೆ. ಉದ್ದವನ್ನು ನಾಲ್ಕು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತಾರ ಹದಿನಾರು ಪಟ್ಟಾಗುತ್ತದೆ. ಅದೇ ವಸ್ತುವಿನಿಂದ ಕಟ್ಟಿದರೆ ಭಾರ ಅರವತ್ತನಾಲ್ಕು ಪಟ್ಟಾಗುತ್ತದೆ. ಚಿಕ್ಕದರಲ್ಲಿ ಬಿಗಿಯಾಗಿ ನಿಂತ ಚೌಕಟ್ಟು ದೊಡ್ಡದರಲ್ಲಿ ಬಳುಕುತ್ತದೆ. ಇದಲ್ಲದೆ, ಮಾದರಿಗೆ ಸವಾರ ಬೇಕಿರಲಿಲ್ಲ, ದೊಡ್ಡದಕ್ಕೆ ಬೇಕಿತ್ತು. ಆ ಸವಾರನಿಗೆ ಗಾಳಿಯಲ್ಲಿ ಯಂತ್ರವನ್ನು ಆಳುವ ಅಭ್ಯಾಸವೇ ಇರಲಿಲ್ಲ.

1903ರ ಅಕ್ಟೋಬರ್ 7ರಂದು ಚಾರ್ಲ್ಸ್ ಮ್ಯಾನ್ಲಿ ಎಂಬ ಎಂಜಿನಿಯರನನ್ನು ಹೊತ್ತ ವಿಮಾನ ನೇರವಾಗಿ ನದಿಗೆ ಮುಗ್ಗರಿಸಿತು. ಡಿಸೆಂಬರ್ 8ರಂದು ಮತ್ತೆ ಅದೇ ಗತಿಯಾಗಿ, ಮ್ಯಾನ್ಲಿ ಕೊರೆಯುವ ನೀರಿನಿಂದ ಹೇಗೋ ಪಾರಾದನು. ಚಿಮ್ಮಿಸುವ ಸಾಧನದ ದೋಷವೆಂದು ಲ್ಯಾಂಗ್ಲಿ ವಾದಿಸಿದನು. ರೆಕ್ಕೆಯ ಚೌಕಟ್ಟೇ ದುರ್ಬಲವೆಂದು ಮುಂದೆ ಅನೇಕರು ಕಂಡರು. ಪತ್ರಿಕೆಗಳು ಅವನನ್ನು ನಗೆಪಾಟಲು ಮಾಡಿದವು. ಒಂಬತ್ತೇ ದಿನಗಳಲ್ಲಿ ಕಿಟ್ಟಿ ಹಾಕ್‌ನ ಮರಳಿನ ಮೇಲೆ ರೈಟ್ ಸಹೋದರರು ಹಾರಿದರು. ಹಾರಾಟದ ವಿಷಯವಾಗಿ 1899ರಲ್ಲಿ ಇದೇ ಸ್ಮಿತ್ಸೋನಿಯನ್ನಿಗೆ ಬರೆದು ಪುಸ್ತಿಕೆಗಳನ್ನು ತರಿಸಿಕೊಂಡವರು ಅವರು. ಗಾಳಿಪಟದಿಂದ ಆರಂಭಿಸಿ, ಜಾರುವಿಮಾನದ ಮೇಲೆ ತಾವೇ ಮಲಗಿ, ಹಾರಾಟವನ್ನು ಆಳುವ ವಿದ್ಯೆಯನ್ನು ಅವರು ಮೊದಲು ಕಲಿತಿದ್ದರು.

ಅವಿವಾಹಿತನಾಗಿದ್ದ ಲ್ಯಾಂಗ್ಲಿ 1906ರ ಫೆಬ್ರವರಿ 27ರಂದು ತೀರಿಕೊಂಡನು. ಹದಿನಾರು ವರ್ಷಗಳ ಮೇಲೆ, 1922ರಲ್ಲಿ, ಕಲ್ಲಿದ್ದಲು ಸಾಗಿಸುತ್ತಿದ್ದ 'ಜುಪಿಟರ್' ಎಂಬ ಹಡಗಿನ ಮೇಲೆ ಚಪ್ಪರ ಹಾಕಿದಂತೆ ಉದ್ದನೆಯ ಅಟ್ಟವನ್ನು ಕಟ್ಟಿ, ಅವನ ಹೆಸರಿನಲ್ಲಿ ಅದನ್ನು ಸೇವೆಗೆ ಇಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಅಟ್ಟದಿಂದ ವಿಮಾನಗಳು ಏರಿದವು, ಅದರ ಮೇಲೆಯೇ ಇಳಿದವು. ದೋಣಿಮನೆಯ ಮಾಡಿನಿಂದ ಅವನು ಸಾಧಿಸಲಾಗದುದು ಅವನ ಹೆಸರಿನ ಹಡಗಿನಿಂದ ದಿನನಿತ್ಯದ ಕೆಲಸವಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಬಾಂಬುಗಳಿಗೆ ತುತ್ತಾಗಿ ಜಾವಾದ ದಕ್ಷಿಣಕ್ಕೆ ಆ ನೌಕೆ ಮುಳುಗಿದುದು 1942ರಲ್ಲಿ. ಅಂದೂ ಫೆಬ್ರವರಿ 27.