ರಕ್ತಕ್ಕೂ ಸ್ಟಾಕ್ ಲೆಕ್ಕ ಇಟ್ಟ ಡಾಕ್ಟರ್ ಚಾರ್ಲ್ಸ್ ಡ್ರೂ

ಮನೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಅಂದ್ರೆ ಆಸ್ಪತ್ರೆಯಲ್ಲಿ ಒಂದು ಫಾರಂ ಕೈಗೆ ಕೊಡ್ತಾರೆ. ರೋಗಿಯ ಹೆಸರು, ವಾರ್ಡ್, ರಕ್ತದ ಗುಂಪು, ಎಷ್ಟು ಯೂನಿಟ್ ಬೇಕು, ಯಾವಾಗ ಬೇಕು ಎಲ್ಲವೂ ಅದರಲ್ಲಿರುತ್ತೆ. ಜೊತೆಗೆ ರೋಗಿಯ ರಕ್ತದ ಸಣ್ಣದೊಂದು ಸ್ಯಾಂಪಲ್. ಬ್ಲಡ್ ಬ್ಯಾಂಕಿನಲ್ಲಿ ಆ ಸ್ಯಾಂಪಲ್ಲನ್ನು ಫ್ರಿಜ್‌ನಲ್ಲಿರುವ ರಕ್ತದ ಜೊತೆ ಹೋಲಿಸಿ, ಹೊಂದಿದರೆ ಮಾತ್ರ ಚೀಲ ಕೊಡ್ತಾರೆ. ಅಲ್ಲಿ ಯಾರದೋ ರಕ್ತ ಮೊದಲೇ ಬಂದು ಕಾಯುತ್ತಾ ಇರುತ್ತಲ್ಲ, ನೂರು ವರ್ಷದ ಹಿಂದೆ ಆ ಅನುಕೂಲವೇ ಇರಲಿಲ್ಲ. ಹೊತ್ತಿಗೆ ಸರಿಯಾಗಿ ದಾನಿ ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ.

ಈ ವ್ಯವಸ್ಥೆಯನ್ನು ಒಂದು ಹದಕ್ಕೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ಡಾ. ಚಾರ್ಲ್ಸ್ ಡ್ರೂ ಅವರದು. ಹುಟ್ಟಿದ್ದು 1904ರ ಜೂನ್ 3, ವಾಷಿಂಗ್ಟನ್ ನಗರದಲ್ಲಿ. ಕಪ್ಪು ಜನಾಂಗದ ಕುಟುಂಬ. ತಂದೆ ಮನೆಗಳಿಗೆ ಕಾರ್ಪೆಟ್ ಹಾಸುವ ಕೆಲಸ ಮಾಡುತ್ತಿದ್ದರು. ಐದು ಮಕ್ಕಳಲ್ಲಿ ಇವರೇ ಹಿರಿಯರು, ಹುಡುಗನಾಗಿದ್ದಾಗ ಪೇಪರ್ ಮಾರಿದವರು. 1920ರಲ್ಲಿ ತಂಗಿ ಎಲ್ಸಿ ಕಾಯಿಲೆಯಿಂದ ತೀರಿಕೊಂಡಳು. ಓದಿಗಿಂತ ಆಟದಲ್ಲೇ ಮುಂದಿದ್ದ ಹುಡುಗನ ಮನಸ್ಸು ಮುಂದೆ ಡಾಕ್ಟರಿಕೆ ಕಡೆ ತಿರುಗಿದ್ದಕ್ಕೆ ಅದೂ ಒಂದು ಕಾರಣ.

ಸೀಟು ಸುಲಭಕ್ಕೆ ಸಿಗಲಿಲ್ಲ. ತಮ್ಮದೇ ಊರಿನ ಹೊವಾರ್ಡ್ ವಿಶ್ವವಿದ್ಯಾಲಯ, ಕಾಲೇಜಿನಲ್ಲಿ ಇಂಗ್ಲಿಷ್ ಸಾಕಷ್ಟು ಓದಿಲ್ಲ ಅಂತ ವಾಪಸ್ ಕಳಿಸಿತು. ಮುಂದೆ ಅದೇ ಹೊವಾರ್ಡ್‌ನಲ್ಲಿ ಇವರು ಸರ್ಜರಿ ವಿಭಾಗದ ಮುಖ್ಯಸ್ಥರಾದರು, ಅದು ಬೇರೆ ಮಾತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1933ರಲ್ಲಿ 137 ಮಂದಿಯ ತರಗತಿಗೆ ಎರಡನೆಯವರಾಗಿ ಪಾಸಾದರು.

ರಕ್ತದ ಕೆಲಸ ಶುರುವಾಗಿದ್ದು 1938ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಬೆರೆಸಿ ತಂಪಿನಲ್ಲಿಟ್ಟರೆ ರಕ್ತ ಕೆಲವು ದಿನ ಉಳಿಯುತ್ತೆ ಅಂತ ಆಗಲೇ ಗೊತ್ತಿತ್ತು. ಷಿಕಾಗೋದ ಒಂದು ಆಸ್ಪತ್ರೆ 1937ರಲ್ಲಿ ಹಾಗೆ ಇಡಲು ಶುರು ಮಾಡಿ ಬ್ಲಡ್ ಬ್ಯಾಂಕ್ ಅಂತ ಹೆಸರೂ ಇಟ್ಟಿತ್ತು. ಆದರೆ ಇಟ್ಟ ರಕ್ತ ಎಷ್ಟು ದಿನ ಒಳ್ಳೆಯದು, ಕೆಡುವಾಗ ಒಳಗೆ ಏನಾಗುತ್ತೆ ಅನ್ನೋದು ಸರಿಯಾಗಿ ತಿಳಿದಿರಲಿಲ್ಲ. ಡಾ. ಜಾನ್ ಸ್ಕಡರ್ ಜೊತೆ ಸೇರಿ ಡ್ರೂ ಅದನ್ನೇ ಹಿಡಿದರು. ದಿನ ಕಳೆದಂತೆ ಕೆಂಪು ಕಣಗಳಿಂದ ಪೊಟ್ಯಾಸಿಯಂ ಹೊರಗೆ ಸೋರುವುದನ್ನು ಅಳೆದರು. ಯಾವ ಬಾಟಲಿ, ಎಷ್ಟು ತಂಪು, ಸಾಗಿಸುವಾಗ ಎಷ್ಟು ಕುಲುಕಾಟ, ಎಲ್ಲದಕ್ಕೂ ಲೆಕ್ಕ. 1939ರ ಆಗಸ್ಟಿನಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಪ್ರಯೋಗಕ್ಕೆ ಒಂದು ಬ್ಲಡ್ ಬ್ಯಾಂಕನ್ನೂ ತೆರೆದರು. ಅಂಗಡಿಯವರಿಗೆ ಇದು ಹೊಸದಲ್ಲ. ಸರಕು ತಂದು ತುಂಬಿದರೆ ಆಗಲಿಲ್ಲ, ಯಾವುದು ಎಂದು ಬಂತು, ಎಂದು ಕೆಡುತ್ತೆ ಅಂತ ಬರೆದಿಡಬೇಕು. 1940ರಲ್ಲಿ ಇದೇ ವಿಷಯದ ಪ್ರಬಂಧಕ್ಕೆ ಡಾಕ್ಟರೇಟ್ ಬಂತು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ವೈದ್ಯ ಇವರೇ.

ಅದೇ ಹೊತ್ತಿಗೆ ಯುದ್ಧ. ಇಂಗ್ಲೆಂಡಿನ ಮೇಲೆ ಜರ್ಮನಿಯ ಬಾಂಬು ಬೀಳುತ್ತಿತ್ತು. ಅಮೆರಿಕದಿಂದ ಹಡಗಿನಲ್ಲಿ ರಕ್ತ ಕಳಿಸಿದರೆ ತಲುಪುವಷ್ಟರಲ್ಲಿ ಕೆಡಬಹುದು. ಅದಕ್ಕೆ ಪ್ಲಾಸ್ಮಾ ಕಳಿಸೋದು ಅಂತಾಯ್ತು. ಪ್ಲಾಸ್ಮಾ ಅಂದ್ರೆ ಕಣಗಳನ್ನು ಬೇರೆ ಮಾಡಿದ ಮೇಲೆ ಉಳಿಯುವ ಹಳದಿ ನೀರು. ಹೆಚ್ಚು ದಿನ ಉಳಿಯುತ್ತೆ, ರಕ್ತ ಸೋರಿ ಕುಸಿದವರಿಗೆ ತಕ್ಷಣ ಆಸರೆ. ಆದರೆ ಒಂದೊಂದು ಆಸ್ಪತ್ರೆ ಒಂದೊಂದು ಥರ ಮಾಡಿದರೆ ಎಲ್ಲೋ ಒಂದು ಕಡೆ ಕ್ರಿಮಿ ಸೇರಿ ಇಡೀ ಸರಕು ಹಾಳಾಗುವ ಭಯ. ಉಸ್ತುವಾರಿಗೆ ಬಂದ ಡ್ರೂ ಎಲ್ಲರಿಗೂ ಒಂದೇ ವಿಧಾನ ಮಾಡಿ, ಪರೀಕ್ಷೆ ಆಗದೆ ಒಂದು ಬಾಟಲಿಯೂ ಹಡಗು ಹತ್ತದ ಹಾಗೆ ನೋಡಿಕೊಂಡರು. ಕೆಲವೇ ತಿಂಗಳಲ್ಲಿ ಸುಮಾರು 14,500 ದಾನಿಗಳ ರಕ್ತದಿಂದ 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ಇಂಗ್ಲೆಂಡಿಗೆ ಹೋಯ್ತು. 1941ರಲ್ಲಿ ರೆಡ್ ಕ್ರಾಸ್‌ನ ಬ್ಲಡ್ ಬ್ಯಾಂಕ್ ಕೆಲಸಕ್ಕೂ ಇವರನ್ನೇ ಕರೆದರು. ದಾನಿಗಳಿದ್ದ ಕಡೆಗೇ ಹೋಗಿ ರಕ್ತ ಪಡೆಯುವ, ಫ್ರಿಜ್ ಇದ್ದ ವಾಹನಗಳನ್ನು ಓಡಿಸಿದ್ದೂ ಆಗಲೇ.

ಇಷ್ಟೆಲ್ಲ ಮಾಡಿದ ಮನುಷ್ಯನ ರಕ್ತವೇ ಬೇಡ ಅಂದರೆ? ಆದದ್ದು ಅದೇ. ಅಮೆರಿಕ ಯುದ್ಧಕ್ಕೆ ಇಳಿಯುವ ಹೊತ್ತಿಗೆ ಸೈನ್ಯಕ್ಕಾಗಿ ಕಪ್ಪು ಜನರಿಂದ ರಕ್ತ ತೆಗೆದುಕೊಳ್ಳೋದಿಲ್ಲ ಅಂತ ತೀರ್ಮಾನವಾಯ್ತು. ಗಲಾಟೆ ಆದ ಮೇಲೆ 1942ರಲ್ಲಿ ತಗೋತೀವಿ ಅಂದರು, ಆದರೆ ಬೇರೆ ಲೇಬಲ್ ಹಚ್ಚಿ ಬೇರೆಯಾಗಿ ಇಡೋದು. ಇದೇ ಸಿಟ್ಟಿಗೆ ಡ್ರೂ ರಾಜೀನಾಮೆ ಬಿಸಾಕಿದರು ಅಂತ ಹೇಳೋರಿದ್ದಾರೆ. ಹಾಗಲ್ಲ, ಅಷ್ಟರಲ್ಲೇ ಅವರು ಹೊವಾರ್ಡ್‌ಗೆ ಪಾಠ ಮಾಡಲು ವಾಪಸಾಗಿದ್ದರು. ಆದರೆ ಸುಮ್ಮನೆ ಕೂರಲಿಲ್ಲ. ರಕ್ತದಲ್ಲಿ ಗುಂಪು ಇದೆಯೇ ಹೊರತು ಬಣ್ಣದ ಭೇದ ಇಲ್ಲ, ಇದಕ್ಕೆ ವಿಜ್ಞಾನದಲ್ಲಿ ಆಧಾರವೇ ಇಲ್ಲ ಅಂತ ಬಹಿರಂಗವಾಗಿ ಹೇಳುತ್ತಲೇ ಬಂದರು. ರೆಡ್ ಕ್ರಾಸ್ ಆ ಪದ್ಧತಿ ಬಿಟ್ಟಿದ್ದು 1950ರ ಕೊನೆಗೆ. ನೋಡಲು ಅವರು ಇರಲಿಲ್ಲ.

1950ರ ಏಪ್ರಿಲ್ 1. ಅಲಬಾಮಾದ ಟಸ್ಕೀಗಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಉಚಿತ ಶಿಬಿರಕ್ಕೆ ಡ್ರೂ ಮತ್ತು ಮೂವರು ಡಾಕ್ಟರುಗಳು ರಾತ್ರಿಯಿಡೀ ಕಾರಿನಲ್ಲಿ ಹೊರಟಿದ್ದರು. ಬೆಳಗಿನ ಹೊತ್ತು, ನಾರ್ತ್ ಕೆರೊಲಿನಾದ ಬರ್ಲಿಂಗ್ಟನ್ ಹತ್ತಿರ, ಸ್ಟೀರಿಂಗ್ ಹಿಡಿದಿದ್ದ ಡ್ರೂಗೆ ನಿದ್ದೆ ಹತ್ತಿತು. ಕಾರು ಪಲ್ಟಿ. ವಯಸ್ಸು ಬರೀ 45, ಮನೆಯಲ್ಲಿ ಹೆಂಡತಿ ಲೆನೋರ್, ನಾಲ್ಕು ಮಕ್ಕಳು.

ಬಿಳಿಯರ ಆಸ್ಪತ್ರೆಯವರು ರಕ್ತ ಕೊಡಲು ಒಪ್ಪಲಿಲ್ಲ, ಅದಕ್ಕೇ ಸತ್ತರು ಅಂತ ಒಂದು ಸುದ್ದಿ ದೇಶವೆಲ್ಲ ಹಬ್ಬಿತು. ಟಿವಿ ಧಾರಾವಾಹಿಯಲ್ಲೂ ಬಂತು. ಆ ಕಾಲದಲ್ಲಿ ಕಪ್ಪು ರೋಗಿಗಳನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದು ಉಂಟು, ಹಾಗಾಗಿ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇವರ ವಿಷಯದಲ್ಲಿ ಅದು ಸುಳ್ಳು. ಅಲ್ಲಿನ ಬಿಳಿಯ ಡಾಕ್ಟರುಗಳೇ ಇವರನ್ನು ಉಳಿಸಲು ಕೈಲಾದದ್ದು ಮಾಡಿದರು. ಅದೇ ಕಾರಿನಲ್ಲಿದ್ದು ಬದುಕಿ ಉಳಿದ ಡಾ. ಜಾನ್ ಫೋರ್ಡ್ ಮುಂದೆ ಇದನ್ನು ಮತ್ತೆ ಮತ್ತೆ ಹೇಳಿದರು. ಎದೆ ಜಜ್ಜಿಹೋಗಿ, ಹೃದಯಕ್ಕೆ ವಾಪಸಾಗುವ ರಕ್ತದ ದಾರಿಯೇ ಕಟ್ಟಿಕೊಂಡಿತ್ತು. ಅಂಥ ಸ್ಥಿತಿಯಲ್ಲಿ ಮೇಲಿಂದ ರಕ್ತ ಏರಿಸಿದ್ದರೆ ಜೀವ ಇನ್ನೂ ಬೇಗ ಹೋಗುತ್ತಿತ್ತು ಅನ್ನೋದು ಫೋರ್ಡ್ ಅವರ ಮಾತು.