ದೊರೆಗೆ ವಿಷವಿಟ್ಟ ದಳವಾಯಿ, ಲೆಕ್ಕ ತೀರಿಸಿದ ಕಂಠೀರವ: ಶಾಪದ ಕಥೆಯ ಹಿಂದಿನ ನಿಜ

ಮೈಸೂರು ಒಡೆಯರ ಮನೆತನದ ಅಕಾಲ ಸಾವುಗಳನ್ನೆಲ್ಲ ತಲಕಾಡಿನ ಅಲಮೇಲಮ್ಮನ ಶಾಪಕ್ಕೆ ಗಂಟುಹಾಕುವ ಸಂದೇಶಗಳು ದಸರಾ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಆದರೆ ಆ ಸಾವುಗಳಲ್ಲಿ ಒಂದಕ್ಕೆ ಇತಿಹಾಸಕಾರರು ಸ್ಪಷ್ಟ ಕಾರಣ ಕೊಡುತ್ತಾರೆ. ಅದು ವಿಷ. ವಿಷ ಕೊಡಿಸಿದವನ ಹೆಸರೂ ದಾಖಲಾಗಿದೆ. ಆ ಸಾವಿನ ನಂತರ ಸಿಂಹಾಸನವೇರಿದವರೇ ನಾವೆಲ್ಲ ಸಿನಿಮಾದಿಂದ ಬಲ್ಲ ರಣಧೀರ ಕಂಠೀರವ ನರಸರಾಜ ಒಡೆಯರು.

ಒಂದೂವರೆ ವರ್ಷದ ದೊರೆ

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. 1617ರಲ್ಲಿ ಅವರು ತೀರಿಕೊಂಡಾಗ ಪಟ್ಟಕ್ಕೆ ಬಂದ ಮೊಮ್ಮಗ ಚಾಮರಾಜ ಒಡೆಯರು ಇನ್ನೂ ಹುಡುಗ. ರಾಜ ಚಿಕ್ಕವನಾದರೆ ಅಧಿಕಾರ ಯಾರ ಕೈಗೆ ಹೋಗುತ್ತದೆ? ಸೈನ್ಯ ಯಾರ ಹಿಡಿತದಲ್ಲಿದೆಯೋ ಅವರ ಕೈಗೆ. ಹೀಗೆ ದಳವಾಯಿ, ಅಂದರೆ ಸೇನಾಪತಿಯ ಹುದ್ದೆ ಬಲವಾಯಿತು.

1637ರಲ್ಲಿ ರಾಜ ಒಡೆಯರ ಮಗ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದರು. ತಾವೇ ಆಳಲು ಹೊರಟ ದೊರೆಗೂ ದಳವಾಯಿ ವಿಕ್ರಮರಾಯನಿಗೂ ಹೊಂದಾಣಿಕೆಯಾಗಲಿಲ್ಲ. ಸುಮಾರು ಒಂದೂವರೆ ವರ್ಷದಲ್ಲೇ, 1638ರಲ್ಲಿ, ವಿಕ್ರಮರಾಯ ಅವರಿಗೆ ವಿಷ ಕೊಡಿಸಿದ.

ತೆರಕಣಾಂಬಿಯಿಂದ ಬಂದ ಜಟ್ಟಿ

ಆಗ ಕಂಠೀರವ ನರಸರಾಜರು ಇದ್ದದ್ದು ತೆರಕಣಾಂಬಿಯಲ್ಲಿ. ಅದು ಈಗಿನ ಗುಂಡ್ಲುಪೇಟೆ ತಾಲ್ಲೂಕಿನ ಊರು. ಕೊಳ್ಳೇಗಾಲ, ಯಳಂದೂರು, ಹನೂರಿನವರಿಗೆ ಸ್ವಂತ ಚಾಮರಾಜನಗರ ಜಿಲ್ಲೆಯ ಊರೇ. ರಾಜ ಒಡೆಯರ ತಮ್ಮ ಬೆಟ್ಟದ ಚಾಮರಾಜರ ಮಗನಾದ ಇವರು ಅರಮನೆಯ ಜಂಜಾಟದಿಂದ ದೂರ, ಗರಡಿಯ ಸಾಧನೆಯಲ್ಲಿ ಬೆಳೆದವರು. ತಿರುಚಿನಾಪಳ್ಳಿಗೆ ಮಾರುವೇಷದಲ್ಲಿ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಸೋಲಿಸಿದರು ಎಂಬ ಕಥೆ ಪ್ರಸಿದ್ಧ. ಅದು ಐತಿಹ್ಯ. 1960ರಲ್ಲಿ ರಾಜ್‌ಕುಮಾರ್ ನಟಿಸಿದ 'ರಣಧೀರ ಕಂಠೀರವ' ಚಿತ್ರ ಈ ದೊರೆಯ ಹೆಸರನ್ನು ಮನೆಮನೆಗೆ ತಲುಪಿಸಿತು.

ಸಿಂಹಾಸನ ಏರಿದ ಹೊಸ ದೊರೆಯ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಹಿಂದಿನವರಿಗೆ ವಿಷ ಕೊಡಿಸಿದವನು ತನ್ನನ್ನು ಉಳಿಸುತ್ತಾನೆಯೇ? ಅವರು ಕಾದು ಕೂರಲಿಲ್ಲ. ವಿಕ್ರಮರಾಯನನ್ನು ಗುಟ್ಟಾಗಿ ಕೊಲ್ಲಿಸಿದರು. ವಿಚಾರಣೆ, ಸಾಕ್ಷಿ, ನ್ಯಾಯಾಲಯ ಯಾವುದೂ ಇರಲಿಲ್ಲ. ಕೊಲೆಗೆ ಕೊಲೆಯೇ ಉತ್ತರವಾಯಿತು.

ಚೀನಾದಲ್ಲೂ ಇದೇ ಕಥೆ

ಇದಕ್ಕೆ ಸುಮಾರು 1,500 ವರ್ಷ ಮೊದಲು, 146ರಲ್ಲಿ, ಚೀನಾದ ಹಾನ್ ವಂಶದ ಬಾಲ ಚಕ್ರವರ್ತಿ ಝಿ ಊಟದಲ್ಲಿಟ್ಟ ವಿಷಕ್ಕೆ ಬಲಿಯಾದ. ಮಹಾದಂಡನಾಯಕ ಲಿಯಾಂಗ್ ಜಿಯ ಸೊಕ್ಕನ್ನು ಆ ಹುಡುಗ ಸಭೆಯಲ್ಲೇ ಎತ್ತಿ ಆಡಿದ್ದ. ವಿಷ ಹಾಕಿಸಿದವನು ಲಿಯಾಂಗ್ ಜಿಯೇ. ಮುಂದೆ ಅವನೇ ಪಟ್ಟಕ್ಕೆ ತಂದ ಚಕ್ರವರ್ತಿ ಹುವಾನ್ 159ರಲ್ಲಿ ಅವನ ಮನೆಗೆ ಮುತ್ತಿಗೆ ಹಾಕಿಸಿದಾಗ ಲಿಯಾಂಗ್ ಜಿ ಆತ್ಮಹತ್ಯೆ ಮಾಡಿಕೊಂಡ. ಅಲ್ಲಿ ಅಲಮೇಲಮ್ಮ ಇರಲಿಲ್ಲ. ಎರಡೂ ಕಡೆ ಇದ್ದದ್ದು ಕಿರಿಯ ದೊರೆ, ಸೈನ್ಯ ಕೈಯಲ್ಲಿಟ್ಟುಕೊಂಡ ಹಿರಿಯ ಅಧಿಕಾರಿ.

ಬೆಳ್ಳಿ ತಟ್ಟೆ ವಿಷ ಪತ್ತೆ ಮಾಡುತ್ತದೆಯೇ?

ರಾಜರು ಬೆಳ್ಳಿ ತಟ್ಟೆಯಲ್ಲಿ ಉಣ್ಣುತ್ತಿದ್ದರು, ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತಿತ್ತು ಎನ್ನುವುದು ಇನ್ನೊಂದು ಜನಪ್ರಿಯ ನಂಬಿಕೆ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ. ಹಿಂದಿನ ಕಾಲದ ಶುದ್ಧವಲ್ಲದ ಪಾಷಾಣದಲ್ಲಿ ಗಂಧಕ ಬೆರೆತಿದ್ದಾಗ ಬೆಳ್ಳಿ ಕಪ್ಪಾಗಿರಬಹುದು. ಆದರೆ ಬೇಯಿಸಿದ ಮೊಟ್ಟೆ ತಾಗಿದರೂ ಅದು ಕಪ್ಪಾಗುತ್ತದೆ. ಶುದ್ಧ ಪಾಷಾಣಕ್ಕೆ ಬಣ್ಣ ಬದಲಾಗುವುದಿಲ್ಲ. ಪಾಷಾಣ ತಿಂದವರಿಗೆ ಕಾಣುವ ವಾಂತಿ, ಭೇದಿ ಕಾಲರಾದಂತೆಯೇ ಇರುವುದರಿಂದ ಕೊಲೆ ಸುಲಭವಾಗಿ ಮುಚ್ಚಿಹೋಗುತ್ತಿತ್ತು. ಪಾಷಾಣವನ್ನು ಪತ್ತೆ ಮಾಡುವ ನಂಬಬಹುದಾದ ರಾಸಾಯನಿಕ ಪರೀಕ್ಷೆಯನ್ನು ಜೇಮ್ಸ್ ಮಾರ್ಷ್ ಪ್ರಕಟಿಸಿದ್ದು 1836ರಲ್ಲಿ, ಇಮ್ಮಡಿ ರಾಜ ಒಡೆಯರು ಸತ್ತು ಸುಮಾರು 200 ವರ್ಷಗಳಾದ ಮೇಲೆ.

ಕಂಠೀರವರ ಆಳ್ವಿಕೆ

ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. 1639ರಲ್ಲಿ ಕಂಠೀರವರು ಅವನನ್ನು ಹಿಮ್ಮೆಟ್ಟಿಸಿದರು. ದಕ್ಷಿಣಕ್ಕೆ ದಣಾಯಕನಕೋಟೆಯವರೆಗೆ ರಾಜ್ಯ ಬೆಳೆಯಿತು. ನರಸಿಂಹನ ಚಿತ್ರವಿದ್ದ ಪುಟ್ಟ ಚಿನ್ನದ ಕಂಠೀರಾಯಿ ಹಣ ಟಂಕಿಸಿದ್ದು ಇವರೇ. ಹತ್ತು ಹಣಕ್ಕೆ ಒಂದು ವರಹ. ಈ ವರಹದ ಲೆಕ್ಕ 1799ರ ನಂತರವೂ ಮೈಸೂರಿನಲ್ಲಿ ಉಳಿದಿತ್ತು. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆ ಮಂಟಪವನ್ನು ಹದಿನಾಡಿನ ಮುದ್ದುರಾಜ ಕಟ್ಟಿಸಿದ್ದೂ ಇವರ ಕಾಲದಲ್ಲೇ.

ಮುಖ್ಯವಾಗಿ, ದಳವಾಯಿ ಹುದ್ದೆಯಲ್ಲಿ ಯಾರೂ ಬೇರುಬಿಡದಂತೆ ಅವರು ನೋಡಿಕೊಂಡರು. 21 ವರ್ಷಗಳ ಆಳ್ವಿಕೆಯಲ್ಲಿ ಹಲವರು ಆ ಹುದ್ದೆಗೆ ಬಂದು ಹೋದರು. 1659ರಲ್ಲಿ ಕಂಠೀರವರು ತೀರಿಕೊಂಡರು. ಮುಂದಿನ ಶತಮಾನದಲ್ಲಿ ದಳವಾಯಿಗಳು ಮತ್ತೆ ಬಲಗೊಂಡರು. 1734ರಲ್ಲಿ ಚಾಮರಾಜ ಒಡೆಯರನ್ನು ಕೆಳಗಿಳಿಸಿ ಕಬ್ಬಾಳದುರ್ಗಕ್ಕೆ ಕಳಿಸಲಾಯಿತು. ಅವರು ಅಲ್ಲೇ ಸತ್ತರು.

ಫಾರ್ವರ್ಡ್ ಮಾಡುವ ಮುನ್ನ

ವಿಷ ಅರಮನೆಗೆ ಮಾತ್ರ ಸೇರಿದ ವಿಷಯವಲ್ಲ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ತಿಂದು 17 ಮಂದಿ ಸತ್ತರು. ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು, ದೇವಸ್ಥಾನದ ಹಿಡಿತಕ್ಕಾಗಿ ನಡೆದ ಜಗಳವೇ ಕಾರಣ ಎಂಬುದು ಪೊಲೀಸರ ಆರೋಪ. ಅದನ್ನು ದೇವಿಯ ಮುನಿಸು ಎಂದುಕೊಂಡು ಸುಮ್ಮನಾಗಿದ್ದರೆ ತನಿಖೆಯೇ ನಡೆಯುತ್ತಿರಲಿಲ್ಲ.

ಊಟದ ಬಗ್ಗೆ ಅನುಮಾನ ಬಂದರೆ ಬೆಳ್ಳಿ ಚಮಚ ಹುಡುಕಬೇಡಿ. ತಿನ್ನುವುದನ್ನು ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ, ಉಳಿದ ಊಟವನ್ನು ಪರೀಕ್ಷೆಗೆ ಎತ್ತಿಡಿ. ಅಲಮೇಲಮ್ಮನ ಕಥೆಯನ್ನು ಕಥೆಯಾಗಿ ಹೇಳಿ, ತಪ್ಪೇನಿಲ್ಲ. ಆದರೆ ಇಮ್ಮಡಿ ರಾಜ ಒಡೆಯರ ಸಾವನ್ನೂ ಆ ಪಟ್ಟಿಗೆ ಸೇರಿಸಿದರೆ ವಿಕ್ರಮರಾಯನ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದಂತಾಗುತ್ತದೆ.